ಹತ್ತರಿಂದ ಐದರವರೆಗೆ ಬಾಗಿಲು ಮುಚ್ಚಿದೆ

ಸೀ ವ್ಯೂ, ಸ್ಕೆಲ್ಬಿ
೪ ಜೂನ್ ೧೯೫೬

ಪ್ರೀತಿಯ ಅತ್ತೆಯವರಿಗೆ,

ಪ್ರಯಾಣ ಸುಖವಾಗಿತ್ತೆ? ಹೊಲಿಗೆ ಹಾಕಿದ ಜಾಗ ಎಳೆಯಲಿಲ್ಲ ತಾನೆ? ಎಡ್ನಾ ಚಿಕ್ಕಮ್ಮ ನಿಮ್ಮನ್ನು ಒಂದು ಕಪ್ಪು ಕೂಡ ತೊಳೆಯಲು ಬಿಡಬಾರದು! ಪಿತ್ತಕೋಶದ ಆಪರೇಷನ್ ಎಂದರೆ ಮಕ್ಕಳಾಟವಲ್ಲ ಎಂದು ಡಾಕ್ಟರ್ ನನ್ನೆದುರಿಗೇ ಹೇಳಿದ್ದಾರೆ.

ನಿನ್ನೆ ಸಂಜೆ ನೀವು ರೈಲು ಹತ್ತಿದ ಮೇಲೆ ನಾನು ಮಾಡಿದ ಮೊದಲ ಕೆಲಸ ಹೇಳಿದರೆ ಬೈಯುತ್ತೀರಿ. ನೇರ ಮನೆಗೆ ಬಂದು, ಹಜಾರದಲ್ಲಿ ತೂಗುಹಾಕಿರುವ ಊಟದ ಜಾಗಟೆಯನ್ನು ಒಂದೇ ಒಂದು ಸಲ ಬಾರಿಸಿದೆ. ಸುಮ್ಮನೆ, ಖುಷಿಗೆ! ಅದು ಇಷ್ಟು ಜೋರಾಗಿ ಮೊಳಗುತ್ತದೆ ಎಂದು ನನಗೇನು ಗೊತ್ತು? ಹನ್ನೊಂದು ಅತಿಥಿಗಳೂ ಕರವಸ್ತ್ರ ಕುತ್ತಿಗೆಗೆ ಸಿಕ್ಕಿಸಿಕೊಂಡು ಇಳಿದು ಬಂದರು. ಲೆಸ್ಲಿ ಅಡುಗೆಮನೆಯಿಂದ ಓಡಿ ಬಂದ. "ಏ ಮೇವಿಸ್, ಆಲೂಗಡ್ಡೆ ಇನ್ನೂ ಕಲ್ಲಿನ ಹಾಗಿದೆ ಕಣೇ! ಇವರಿಗೇನು ನನ್ನನ್ನೇ ಬಡಿಸ್ತೀಯಾ?" ಎಂದ. ಮದುವೆಯಾಗಿ ಆರು ವಾರವಾದರೂ ಅವನು ನನ್ನನ್ನು ಬೈಯುವಾಗ ಎಷ್ಟು ಮುದ್ದಾಗಿ ಕಾಣುತ್ತಾನೆ ಗೊತ್ತೆ ಅತ್ತೆ? ಗೊತ್ತಿರುತ್ತದೆ, ನಿಮ್ಮದೇ ಮಗ.

ಪ್ಲಾಟ್‌ಫಾರಂ ಮೇಲೆ ನೀವು ಹೇಳಿದ್ದು ನನ್ನ ಕಿವಿಯಲ್ಲೇ ಇದೆ. "ನಾನು ವಾಪಸ್ ಬಂದಾಗ ಮನೆ ನಾನು ಬಿಟ್ಟ ಹಾಗೇ ಇದ್ರೆ ಕೀಲಿ ನಿನ್ನ ಕೈಗೆ. ಒಂದೇ ಒಂದು ನಿಯಮ ಅಲ್ಲಾಡಿದ್ರೂ ಮನೆ ಪ್ರ್ಯಾಟ್ಲಿಗೆ." ಆ ಪ್ರ್ಯಾಟ್ಲಿ ಸಾಹೇಬರು ನಿಮ್ಮ ಮುಂದಿನ ಕೋಣೆಯಲ್ಲಿ ಕಾಸು ಹಾಕಿದರೆ ಕುಣಿಯುವ ಯಂತ್ರಗಳನ್ನು ಇಡಬೇಕೆಂದು ಕಾಯುತ್ತಿದ್ದಾರಂತೆ. ಇಡಲಿ, ಬೇರೆಯವರ ಮನೆಯಲ್ಲಿ! ಈ ಮನೆ ನನಗೆ ಬೇಕು ಅತ್ತೆ. ಗಿರಣಿ ಊರಿನಲ್ಲಿ ಹುಟ್ಟಿದ ನಾನು ವರ್ಷಕ್ಕೆ ಒಂದು ವಾರ ಸಮುದ್ರ ನೋಡಿ ಬೆಳೆದವಳು. ಈಗ ಪ್ರತಿ ಬೆಳಿಗ್ಗೆ ಎದ್ದರೆ ಸಮುದ್ರ! (ಸ್ನಾನದ ತೊಟ್ಟಿಯ ಅಂಚಿನ ಮೇಲೆ ನಿಂತರೆ, ಅಷ್ಟೇ. ಆದರೂ ಮನೆಗೆ 'ಸೀ ವ್ಯೂ' ಎಂಬ ಹೆಸರು ಸುಳ್ಳಲ್ಲ.)

ಇವತ್ತು ಬೆಳಿಗ್ಗೆ ಹತ್ತಕ್ಕೆ ಎಲ್ಲರನ್ನೂ ಹೊರಗೆ ಕಳಿಸಿ ಚಿಲಕ ಹಾಕಿದೆ. ಸಂಜೆ ಐದಕ್ಕೆ ತೆಗೆದೆ. ನೀವು ಕಲಿಸಿದ ಮಾತನ್ನೇ ಹೇಳಿದೆ: "ಸಮುದ್ರದ ಗಾಳಿ ಸೇವಿಸಿ, ಅದಕ್ಕೇ ಅಲ್ವಾ ಬಂದಿರೋದು!" ಬಿಸಿಲಿತ್ತು. ಎಲ್ಲರೂ ನಗುತ್ತಲೇ ಹೋದರು.

ನಿಮ್ಮ ಸೊಸೆ,
ಮೇವಿಸ್

ಎಡ್ನಾಳ ಮನೆ, ಡರ್ಬಿಶೈರ್
೭ ಜೂನ್ ೧೯೫೬

ಮೇವಿಸ್‌ಗೆ,

ಪತ್ರ ಬಂತು. ಜಾಗಟೆ ಆಟದ ಸಾಮಾನಲ್ಲ.

ಬಿಸಿಲಿನಲ್ಲಿ ಯಾರು ಬೇಕಾದರೂ ಬಾಗಿಲು ಹಾಕುತ್ತಾರೆ. ಮಳೆ ಬಂದಾಗ ಹಾಕುವವಳು ಮನೆಯೊಡತಿ. ನಾನು ಸಮುದ್ರವನ್ನೂ ಮಾಡಿಲ್ಲ, ಮೋಡವನ್ನೂ ಮಾಡಿಲ್ಲ. ಹಗಲು ಮನೆಯಲ್ಲಿ ಕೂತ ಅತಿಥಿಗೆ ಹನ್ನೊಂದಕ್ಕೆ ಚಹಾ ಬೇಕಾಗುತ್ತದೆ, ಹನ್ನೆರಡಕ್ಕೆ ಬೆಂಕಿ ಬೇಕಾಗುತ್ತದೆ, ಒಂದಕ್ಕೆ ಅವನು ತನ್ನ ಜೀವನಚರಿತ್ರೆ ಹೇಳಲು ಶುರುಮಾಡುತ್ತಾನೆ. ಆಮೇಲೆ ಹಾಸಿಗೆ ಒದರುವವರು ಯಾರು?

ಯಾರಾದರೂ ಗೊಣಗಿದರೆ ಊರಿನಲ್ಲಿ ನೋಡಲು ಏನಿದೆ ಎಂದು ಹೇಳು. ಡಾಕ್ಟರ್ ಬಾವಿಗೆ ಕಳಿಸು. ಇನ್ನೂರು ವರ್ಷದ ಹಿಂದೆ ಸ್ಕೆಲ್ಬಿಯಲ್ಲಿ ಮೀನು ಬಿಟ್ಟರೆ ಬೇರೆ ಏನೂ ಇರಲಿಲ್ಲ. ಕೀಲುನೋವಿದ್ದ ಡಾಕ್ಟರೊಬ್ಬ ಆ ಕೊಳೆತ ಮೊಟ್ಟೆ ವಾಸನೆಯ ನೀರು ಕುಡಿದು ಮೆಟ್ಟಿಲು ಹತ್ತಿ ಓಡಿದನಂತೆ. ನೀರು ಕುಡಿದು ಗುಣವಾಗಿ ಓಡಿದನೋ ವಾಸನೆಗೆ ಓಡಿದನೋ, ಅಂತೂ ಮಾರನೇ ವರ್ಷದಿಂದ ಲಂಡನ್ನಿನ ಶ್ರೀಮಂತರು ಬರತೊಡಗಿದರು. ಆಮೇಲೆ ರೈಲು ಬಂತು, ಗಿರಣಿಯವರು ಬಂದರು, ಶ್ರೀಮಂತರು ಹೋದರು. ಒಳ್ಳೆಯದೇ ಆಯಿತು. ಶ್ರೀಮಂತರು ಹಾಸಿಗೆಯಲ್ಲಿ ತಿಂಡಿ ಕೇಳುತ್ತಾರೆ.

ಬಾವಿ ಮುಗಿದರೆ ತುಂಡು ಸೇತುವೆಗೆ ಕಳಿಸು. ಶತ್ರು ಹಡಗು ಬಂದು ನಿಲ್ಲಬಾರದೆಂದು ಯುದ್ಧಕಾಲದಲ್ಲಿ ನಡುವೆ ಕತ್ತರಿಸಿದ, ಸಮುದ್ರದೊಳಕ್ಕೆ ಚಾಚಿದ ಸೇತುವೆ ಇಂಗ್ಲೆಂಡಿನಲ್ಲಿ ಎಲ್ಲ ಊರಿಗೂ ಇಲ್ಲ. ಹೋಗಿ, ಖಾಲಿ ಜಾಗ ನೋಡಿ, ವಾಪಸ್ ಬರಲು ಒಂದು ಗಂಟೆ ಹಿಡಿಯುತ್ತದೆ.

ಇಲ್ಲಿ ಎಲ್ಲ ಶಾಂತ. ಏನೂ ನಡೆಯುವುದಿಲ್ಲ. ನಾಳೆಯಿಂದ ಪತ್ರ ಹಾಕಿದರೆ ಉತ್ತರ ಸ್ವಲ್ಪ ತಡವಾಗಬಹುದು. ಕಾರಣ ಏನೂ ಇಲ್ಲ.

ಬರ್ತಾ ಹೆಪ್‌ವರ್ತ್

ಸೀ ವ್ಯೂ, ಸ್ಕೆಲ್ಬಿ
೧೨ ಜೂನ್ ೧೯೫೬

ಪ್ರೀತಿಯ ಅತ್ತೆಯವರಿಗೆ,

ಮಳೆ! ಭಾನುವಾರದಿಂದ ಬಿಟ್ಟಿಲ್ಲ. ಆಕಾಶ ಒದ್ದೆ ಕಂಬಳಿಯ ಹಾಗೆ ಊರಿನ ಮೇಲೆ ಬಿದ್ದಿದೆ. ಕಡಲದಂಡೆಯಲ್ಲಿ ಮಕ್ಕಳನ್ನು ಹೊತ್ತು ಸುತ್ತುವ ಎಂಟೂ ಕತ್ತೆಗಳು ಟೋಪಿ ಹಾಕಿಕೊಂಡು ಗೋಡೆಗೆ ಮುಖ ಮಾಡಿ ನಿಂತಿವೆ. ದಂಡೆಯಿಂದ ಬಂಡೆಯ ನೆತ್ತಿಗೆ ಲೆಸ್ಲಿ ಓಡಿಸುವ ಲಿಫ್ಟಿಗೆ ಮಾತ್ರ ಭರ್ಜರಿ ವ್ಯಾಪಾರ. ಜನ ಎಲ್ಲಿಗೂ ಹೋಗುವುದಕ್ಕಲ್ಲ, ಮಾಡಿನ ಕೆಳಗೆ ಇರಬಹುದೆಂದು ಮೇಲೆ ಕೆಳಗೆ, ಮೇಲೆ ಕೆಳಗೆ ಹೋಗುತ್ತಿದ್ದಾರೆ.

ಆದರೂ ಮೂರು ದಿನವೂ ಹತ್ತಕ್ಕೆ ಸರಿಯಾಗಿ ಬಾಗಿಲು ಹಾಕಿದೆ ಅತ್ತೆ, ನಿಮ್ಮಾಣೆ. ಓಲ್ಡ್‌ಹ್ಯಾಮ್‌ನ ಓಪನ್‌ಷಾ ದಂಪತಿ ನಿಮಗೆ ಗೊತ್ತಲ್ಲ, ವರ್ಷವರ್ಷ ಜೂನ್ ಪೂರ್ತಿ ನಿಮ್ಮಲ್ಲೇ ಇರುತ್ತಾರೆ. ಅವರು ಕೊಡೆ ಬಿಚ್ಚಿಕೊಂಡು ಹೊರಟರು. "ಡಾಕ್ಟರ್ ಬಾವಿ ನೋಡಿದ್ರಾ?" ಎಂದೆ. "ಅಮ್ಮಣ್ಣೀ, ಹದಿನಾಲ್ಕು ವರ್ಷದಿಂದ ನೋಡ್ತಾ ಇದೀನಿ. ಬಾವಿಗೇ ನನ್ನನ್ನ ನೋಡಿ ನೋಡಿ ಬೇಜಾರಾಗಿದೆ" ಎಂದರು ಓಪನ್‌ಷಾ.

ಎದುರು ರಸ್ತೆಯ ಬಸ್ ತಂಗುದಾಣದಲ್ಲಿ ಈಗ ಅವರಿಬ್ಬರೂ ಕೂತಿದ್ದಾರೆ. ಬಸ್ಸು ಬಂತು, ಹೋಯಿತು, ಅವರು ಹತ್ತಲಿಲ್ಲ. ಸ್ಯಾಂಡ್‌ವಿಚ್ ತಿನ್ನುತ್ತ ನಮ್ಮ ಮನೆಯನ್ನೇ ನೋಡುತ್ತಿದ್ದಾರೆ. ನಾನು ಮುಂದಿನ ಕೋಣೆಯ ಕಿಟಕಿಯಲ್ಲಿ ಕೂತು ನಿಮಗೆ ಬರೆಯುತ್ತ ಅವರನ್ನು ನೋಡುತ್ತಿದ್ದೇನೆ. ಮಿಸೆಸ್ ಓಪನ್‌ಷಾ ಈಗಷ್ಟೇ ನನಗೆ ಕೈಬೀಸಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮೇಲಿನ ಕೋಣೆಯ ಮಗುವೊಂದರ ಬೂಟಿನಿಂದ ನಡೆದಾಗಲೆಲ್ಲ ಕಪ್ಪೆ ಕೂಗಿದ ಹಾಗೆ ಸದ್ದು ಬರುತ್ತದೆ.

ಮನೆ ನೀವು ಬಿಟ್ಟ ಹಾಗೇ ಇದೆ. ಇರಿ, ಯಾರೋ ಬಾಗಿಲು ತಟ್ಟುತ್ತಿದ್ದಾರೆ. ಮತ್ತೆ ಬರೆಯುತ್ತೇನೆ.

ಮೇವಿಸ್

ಸೀ ವ್ಯೂ, ಸ್ಕೆಲ್ಬಿ
೧೪ ಜೂನ್ ೧೯೫೬

ಪ್ರೀತಿಯ ಅತ್ತೆಯವರಿಗೆ,

ಎಲ್ಲ ಚೆನ್ನಾಗಿದೆ. ವಿಶೇಷವೇನೂ ಇಲ್ಲ. ಸುಮ್ಮನೆ ಕೇಳುತ್ತಿದ್ದೇನೆ: ಹಸಿರು ಡಬ್ಬಿಯ ಬಿಸ್ಕತ್ತು ಸಾಮಾನ್ಯವಾಗಿ ಎಷ್ಟು ದಿನಕ್ಕೆ ಮುಗಿಯುತ್ತದೆ? ಮುಂದಿನ ಕೋಣೆಯ ಪಿಯಾನೋಗೆ ಬೀಗ ಹಾಕಿದ್ದೀರಲ್ಲ, ಕೀಲಿ ಎಲ್ಲಾದರೂ ಇದೆಯೆ? ಬೇಕೆಂದಲ್ಲ, ಧೂಳು ಒರೆಸಲು. ಮತ್ತೆ, ಜಮಖಾನೆಯಿಂದ ಕತ್ತೆಯ ಗೊರಸಿನ ಗುರುತು ಹೋಗಲು ಸೋಡಾ ಪುಡಿಯೋ, ವಿನಿಗರೋ?

ಆತುರದಲ್ಲಿ,
ಮೇವಿಸ್

ಎಡ್ನಾಳ ಮನೆ, ಡರ್ಬಿಶೈರ್
೧೭ ಜೂನ್ ೧೯೫೬

ಮೇವಿಸ್,

ಕತ್ತೆಯ ಗೊರಸು ಎಂದರೇನು? ಯಾವ ಕತ್ತೆ? ಯಾಕೆ ಒಳಗೆ?

ಪಿಯಾನೋಗೆ ಧೂಳು ಹಿಡಿಯುವುದಿಲ್ಲ. ಮೇಲೆ ಬಟ್ಟೆ ಹೊದಿಸಿದ್ದೇನೆ.

ಇಲ್ಲೂ ನಾಲ್ಕು ದಿನದಿಂದ ಸುರಿಯುತ್ತಿದೆ. ಅಲೆಗಳು ರಸ್ತೆಗೇ ಬರುತ್ತಿವೆ. ಅಂದರೆ, ಎಡ್ನಾಳ ಮನೆಯ ಹತ್ತಿರದ ಕೆರೆಯ ಅಲೆಗಳು. ಆಪರೇಷನ್ ಆದವಳು ಒದ್ದೆ ಬೆಂಚಿನ ಮೇಲೆ ಎಷ್ಟು ಹೊತ್ತು ಕೂರಲು ಸಾಧ್ಯ ಹೇಳು. ಕೂತಿದ್ದೇನೆಂದಲ್ಲ. ಮಾತಿಗೆ ಹೇಳಿದೆ.

ಈ ಊರಿನಲ್ಲಿ ಒಬ್ಬಳಿದ್ದಾಳೆ, ಮಿಸೆಸ್ ಟ್ರ್ಯಾಂಟರ್ ಎಂದು. ವಸತಿಮನೆ ನಡೆಸುತ್ತಾಳೆ. ಅವಳ ಚಹಾ ಎಷ್ಟು ನೀರೆಂದರೆ ಬಟ್ಟಲಿನ ತಳದ ಹೂವಿನ ಚಿತ್ರ ಕಾಣುತ್ತದೆ. ಅಂಥ ಹೆಂಗಸು ಮನುಷ್ಯಳೇ ಅಲ್ಲ.

ಒದ್ದೆಯಾದ ಬೂಟಿನೊಳಗೆ ಹಳೇ ಪತ್ರಿಕೆ ತುರುಕಿ ಒಲೆಯ ಹತ್ತಿರ ಇಡಬೇಕು. ಆ ಮಗುವಿನದು. ಅಷ್ಟು ಮಾಡಿದರೆ ನಿಯಮ ಮುರಿದ ಹಾಗೆ ಆಗುವುದಿಲ್ಲ.

ಬರ್ತಾ

ಸೀ ವ್ಯೂ, ಸ್ಕೆಲ್ಬಿ
೨೦ ಜೂನ್ ೧೯೫೬

ಪ್ರೀತಿಯ, ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಪತ್ರ ಓದಿ ನಾನೂ ಲೆಸ್ಲಿಯೂ ರಾತ್ರಿ ಊಟ ಮಾಡಲಿಲ್ಲ. ಶಾಯಿಯೆಲ್ಲ ಹನಿ ಬಿದ್ದು ಕದಡಿದೆ. ಅತ್ತೆ, ನೀವು ಅಳುತ್ತ ಬರೆದಿದ್ದೀರಿ! ನೋವು ಅಷ್ಟಿದೆಯೆ? ಲಕೋಟೆ ಒದರಿದರೆ ಮರಳು ಉದುರಿತು. ಈ ಸ್ಥಿತಿಯಲ್ಲೂ ಎಡ್ನಾ ಚಿಕ್ಕಮ್ಮನ ಹೊಸಿಲನ್ನು ಮರಳು ಹಾಕಿ ಉಜ್ಜುತ್ತಿದ್ದೀರಾ? ಡರ್ಬಿಶೈರಿನ ಕೆರೆಯಲ್ಲಿ ಅಲೆ ಏಳುತ್ತಿದೆ ಎಂದು ಬರೆದಿದ್ದೀರಲ್ಲ, ಅದನ್ನು ಓದಿ ಲೆಸ್ಲಿ ಬೆಳ್ಳಗಾದ. "ಅಮ್ಮನಿಗೆ ಜ್ವರ ತಲೆಗೇರಿದೆ ಮೇವಿಸ್, ಇಲ್ಲದ್ದೆಲ್ಲ ಕಾಣ್ತಿದೆ" ಎಂದ.

ಇಂಥ ಹೊತ್ತಿನಲ್ಲಿ ಇದನ್ನು ಹೇಳಬಾರದು. ಆದರೆ ಪಕ್ಕದ 'ಬಾಲ್ಮೋರಲ್' ವಸತಿಮನೆಯ ಮಿಸೆಸ್ ಗ್ರಿಮ್‌ಶಾ ನಾನು ಹೇಳದಿದ್ದರೆ ತಾನೇ ಬರೆಯುತ್ತೇನೆ ಎಂದಿದ್ದಾರೆ. ನಿಮಗೆ ನನ್ನಿಂದಲೇ ಗೊತ್ತಾಗಲಿ.

ಅತ್ತೆ, ನಾನು ಬಾಗಿಲು ತೆಗೆದೆ.

ಹನ್ನೆರಡನೇ ತಾರೀಖು ಬಾಗಿಲು ತಟ್ಟಿದ್ದು ಮಿಸೆಸ್ ಓಪನ್‌ಷಾ. "ಒಳಗೆ ಬಿಡು ಅಂತಲ್ಲ ಮಗಳೇ, ನಿಯಮ ಗೊತ್ತು. ಈ ಮಗೂನ ಒಂದು ಗಳಿಗೆ ಹಜಾರದಲ್ಲಿ ನಿಲ್ಲಿಸ್ತೀಯಾ? ನಾವಿಬ್ರೂ ಮೆಟ್ಟಿಲ ಮೇಲೇ ಇರ್ತೀವಿ" ಎಂದರು. ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು, ಆದರೂ ನಗುತ್ತಿದ್ದರು. ನನ್ನ ಕೈ ತಾನಾಗಿ ಚಿಲಕ ತೆಗೆಯಿತು. ಮಗು ಬಂತು, ಅದರ ಹಿಂದೆ ಅದರ ಅಮ್ಮ, ಅವಳ ಹಿಂದೆ ಓಪನ್‌ಷಾ ದಂಪತಿ, ಅವರ ಹಿಂದೆ ಉಳಿದವರೆಲ್ಲರೂ!

ಓಪನ್‌ಷಾ ಮುಂದಿನ ಕೋಣೆಯ ನಡುವೆ ಬಾಯಿ ಬಿಟ್ಟುಕೊಂಡು ನಿಂತರು. "ಏನೇ, ಈ ಗೋಡೆ ಕಾಗದ ಹಸಿರಾ? ಹದಿನಾಲ್ಕು ವರ್ಷ ನಾನು ಕಂದು ಅಂದ್ಕೊಂಡಿದ್ನಲ್ಲೇ!" ಎಂದರು. ಐದಕ್ಕೇ ನೀವು ಪರದೆ ಎಳೆಯುತ್ತೀರಲ್ಲ, ಹಗಲು ಬೆಳಕಿನಲ್ಲಿ ಅವರು ಅದನ್ನು ನೋಡಿಯೇ ಇರಲಿಲ್ಲ. "ನೀನು ನನ್ನನ್ನಾದ್ರೂ ಯಾವಾಗ ಸರಿಯಾಗಿ ನೋಡಿದೀಯ" ಎಂದರು ಅವರ ಹೆಂಡತಿ.

ಚಹಾ ಕೊಟ್ಟೆ. ಬೆಂಕಿ ಹಾಕಿದೆ. ನೀವು ಬರೆದಂತೆಯೇ ಒಂದು ಗಂಟೆಗೆ ಸರಿಯಾಗಿ ಓಪನ್‌ಷಾ ಜೀವನಚರಿತ್ರೆ ಶುರುಮಾಡಿದರು! ಆದರೆ ತಮ್ಮದಲ್ಲ, ಸ್ಕೆಲ್ಬಿಯದು. ಮಳೆ ಬಂದಾಗಲೆಲ್ಲ ಮ್ಯೂಸಿಯಂನಲ್ಲಿ ನಿಂತು ನಿಂತು ಊರಿನ ಕಥೆಯೆಲ್ಲ ಅವರಿಗೆ ಬಾಯಿಪಾಠ. ಬಾವಿಯ ಡಾಕ್ಟರನ ಹಾಗೆ ಕುಂಟಿ ತೋರಿಸಿದರು. ಮೊದಲೆಲ್ಲ ಹೆಂಗಸರು ಚಕ್ರದ ಗೂಡಿನೊಳಗೆ ಕೂತು ಸಮುದ್ರಕ್ಕೆ ಇಳಿಯುತ್ತಿದ್ದರಂತೆ, ಯಾರ ಕಣ್ಣಿಗೂ ಬೀಳಬಾರದೆಂದು. ಒಮ್ಮೆ ಕುದುರೆ ಹೆದರಿ ಗೂಡು ಸಮೇತ ಒಬ್ಬ ದೊಡ್ಡಮನೆಯ ಹೆಂಗಸನ್ನು ಪೇಟೆಬೀದಿಗೆ ಎಳೆದು ತಂದಿತಂತೆ. ಈ ಕಥೆ ಬಂದಾಗ ಪಿಯಾನೋ ಕೂಡ ಬೇಕಾಯಿತು. ಮಿಸೆಸ್ ಓಪನ್‌ಷಾ ತಲೆಯ ಪಿನ್ನಿನಿಂದ ಬೀಗ ತೆಗೆದರು. ಕ್ಷಮಿಸಿ. ಕಥೆ ಆಡಿ ತೋರಿಸಲು ಕುದುರೆ ಇಲ್ಲವೆಂದು ಕತ್ತೆ ಬಂತು. ಅದಕ್ಕೂ ಕ್ಷಮಿಸಿ. ಅದೂ ನೆನೆದಿತ್ತು.

ಮಾರನೇ ದಿನ ಬಾಲ್ಮೋರಲ್‌ನ ಅತಿಥಿಗಳೂ ಬಂದರು. ಆಗಲೇ ಮಿಸೆಸ್ ಗ್ರಿಮ್‌ಶಾ ತೋಳು ಮಡಚಿಕೊಂಡು ಬಂದದ್ದು.

"ಏನಮ್ಮಾ ಮದುಮಗಳೇ, ಇದೇನು ವಸತಿಮನೆಯೋ ಧರ್ಮಛತ್ರವೋ?"

"ಮಳೆ ಬರ್ತಿದೆ ಮಿಸೆಸ್ ಗ್ರಿಮ್‌ಶಾ."

"ನನ್ನ ಕಾಲದಿಂದ್ಲೂ ಬರ್ತಾನೇ ಇದೆ! ನೀನು ತೆಗೆದ್ರೆ ನಾನೂ ತೆಗೀಬೇಕು, ನಾನು ತೆಗೆದ್ರೆ ಬೀದಿಯೆಲ್ಲ ತೆಗೀಬೇಕು. ಬರ್ತಾಗೆ ಗೊತ್ತಾದ್ರೆ ನಿನ್ನ ಚರ್ಮ ಸುಲಿದು ಕಾಲೊರಸು ಮಾಡ್ತಾಳೆ."

ಸುದ್ದಿ ಪ್ರ್ಯಾಟ್ಲಿಗೂ ಮುಟ್ಟಿದೆ. ನೀವು ಬರುವ ತನಕ ನಾನು ಬಾಯಿ ಮುಚ್ಚಿಕೊಂಡಿರಬೇಕು ಎನ್ನುತ್ತಾನೆ ಲೆಸ್ಲಿ. ನನಗೆ ಆಗುವುದಿಲ್ಲ. ಅತ್ತೆ, ತಪ್ಪಾಯಿತು ಎಂದು ಬರೆಯಲು ಮೂರು ಸಲ ಕೂತೆ. ಆದರೆ ನಾಳೆ ಮಳೆ ಬಂದರೆ ಮತ್ತೆ ತೆಗೆಯುತ್ತೇನೆ. ಇಂಥವಳಿಗೆ ಮನೆ ಕೊಡುವುದು ಬೇಡವೆನಿಸಿದರೆ ಬೇಗ ಬರೆದುಬಿಡಿ. ದಿನಾ ಅಂಚೆಯವನ ಮುಖ ನೋಡುವುದು ಕಷ್ಟ.

ನಿಮ್ಮ,
ಮೇವಿಸ್

ಸೀ ವ್ಯೂ, ಸ್ಕೆಲ್ಬಿ
೨೬ ಜೂನ್ ೧೯೫೬

ಅತ್ತೆಯವರಿಗೆ,

ಉತ್ತರವಿಲ್ಲ. ಅರ್ಥವಾಯಿತು.

ಇವತ್ತು ಪ್ರ್ಯಾಟ್ಲಿ ಅಳತೆ ಟೇಪು ಹಿಡಿದು ಬಂದಿದ್ದರು. ಪಿಯಾನೋ ಇರುವ ಜಾಗದಲ್ಲಿ, ಕಾಸು ಹಾಕಿದರೆ ಹೊಟ್ಟೆ ಹಿಡಿದು ನಗುವ ನಾವಿಕನ ಬೊಂಬೆ ಬರುತ್ತದಂತೆ. "ನಿಮ್ಮತ್ತೆ ಮಾತಂದ್ರೆ ಮಾತು ಕಣಮ್ಮಾ" ಎಂದು ನಕ್ಕರು, ಕಾಸಿಲ್ಲದೆಯೇ. ಟೇಪಿನ ಇನ್ನೊಂದು ತುದಿ ಹಿಡಿಯಲು ಓಪನ್‌ಷಾರನ್ನು ಕೇಳಿದರು. ಓಪನ್‌ಷಾ ಹಿಡಿದರು, ಹಿಡಿದುಕೊಂಡೇ ಬಾಗಿಲು ದಾಟಿ, ರಸ್ತೆ ದಾಟಿ, ಬಸ್ ಹತ್ತಿಬಿಟ್ಟರು. ಪ್ರ್ಯಾಟ್ಲಿ ಟೇಪಿನ ಹಿಂದೆ ಓಡಿದರು. ಎಲ್ಲರೂ ನಕ್ಕರು. ನಾನು ಮಾತ್ರ ಅಡುಗೆಮನೆಗೆ ಹೋಗಿ ಈರುಳ್ಳಿ ಹೆಚ್ಚಿದೆ.

ಲೆಸ್ಲಿ ಬಾಡಿಗೆಗೆ ಕೋಣೆ ಹುಡುಕುತ್ತಿದ್ದಾನೆ. ಜಾಗಟೆಗೆ ಪಾಲಿಶ್ ಹಾಕಿಟ್ಟಿದ್ದೇನೆ.

ಮೇವಿಸ್

ತಂಗುದಾಣ, ಕಡಲದಂಡೆ ರಸ್ತೆ, ಗ್ರೇಥಾರ್ಪ್
೨೮ ಜೂನ್ ೧೯೫೬

ಪ್ರೀತಿಯ ಮೇವಿಸ್,

ಮೇಲಿನ ವಿಳಾಸ ಓದಿ ಕಣ್ಣುಜ್ಜಿಕೊಳ್ಳಬೇಡ. ಸರಿಯಾಗಿಯೇ ಓದಿದ್ದೀಯ. ಓದಿದ ಮೇಲೆ ಆ ಚೂರು ಹರಿದು ಒಲೆಗೆ ಹಾಕು. ಮಿಸೆಸ್ ಗ್ರಿಮ್‌ಶಾಗೆ ಗೊತ್ತಾದರೆ ನಾನು ಸ್ಕೆಲ್ಬಿಯಲ್ಲಿ ತಲೆಯೆತ್ತಿ ಓಡಾಡುವ ಹಾಗಿಲ್ಲ. ಸ್ಕೆಲ್ಬಿಯ ಮನೆಯೊಡತಿ ರಜೆಗೆ ಹೋಗಿದ್ದು ಗ್ರೇಥಾರ್ಪಿಗೆ! ನಮ್ಮ ಅಜ್ಜಿಯ ಕಾಲದಿಂದ ನಮ್ಮ ಅತಿಥಿಗಳನ್ನು ಕದಿಯುತ್ತಿರುವ ಊರಿಗೆ!

ಎಂಟನೇ ತಾರೀಖಿನಿಂದ ಇಲ್ಲಿದ್ದೇನೆ. ಎಡ್ನಾ ಎಳೆದುಕೊಂಡು ಬಂದಳು. "ಅಕ್ಕಾ, ಜೀವಮಾನವೆಲ್ಲ ಸಮುದ್ರದ ಪಕ್ಕ ಇದ್ದೆ, ಒಂದು ದಿನ ಮರಳ ಮೇಲೆ ಕೂತಿದೀಯಾ?" ಎಂದಳು. ಕೂತಿರಲಿಲ್ಲ. ಡರ್ಬಿಶೈರಿನಿಂದ ಬರೆದಂತೆ ನಿನಗೆ ಸುಳ್ಳು ಬರೆದೆ. ನಿನ್ನ ಪತ್ರಗಳನ್ನು ಎಡ್ನಾಳ ಗಂಡ ವಾಲ್ಟರ್ ಇಲ್ಲಿಗೆ ಕಳಿಸುತ್ತಾನೆ, ನೆನಪಾದಾಗ. ನಿನ್ನ ಇಪ್ಪತ್ತನೇ ತಾರೀಖಿನದೂ ಇಪ್ಪತ್ತಾರರದೂ ಇವತ್ತು ಒಟ್ಟಿಗೆ ಕೈಸೇರಿದವು. ಶಾಯಿ ಕದಡಿದ್ದು ಕಣ್ಣೀರಿನಿಂದಲ್ಲ ಮೂರ್ಖಿ, ಈ ತಂಗುದಾಣದ ಮಾಡು ಸೋರುತ್ತದೆ. ಮರಳು ಎಲ್ಲಿಯದು ಎಂದು ಇನ್ನು ನಿನಗೇ ಗೊತ್ತು.

ಇಳಿದುಕೊಂಡಿರುವುದು ಆ ಟ್ರ್ಯಾಂಟರ್ ಮನೆಯಲ್ಲಿ. ಹತ್ತಕ್ಕೆ ಹೊರಗೆ, ಐದಕ್ಕೆ ಒಳಗೆ. ಇಲ್ಲಿ ನೋಡುವುದೆಲ್ಲ ನೋಡಿದೆ. ಇವರ ಸೇತುವೆ ಇಡಿಯಾಗಿದೆ, ನಡುವೆ ಕತ್ತರಿಸಿಲ್ಲ, ಹಾಗಾಗಿ ನೋಡಲು ಏನೂ ಇಲ್ಲ. ಮ್ಯೂಸಿಯಂನಲ್ಲಿ ಹುಲ್ಲು ತುಂಬಿದ ಒಂದು ನೀರುನಾಯಿ ಇದೆ. ಅದನ್ನು ಒಂಬತ್ತು ಸಲ ನೋಡಿದೆ. ಈಗ ಅದಕ್ಕೆ ನಮಸ್ಕಾರ ಹೇಳುತ್ತೇನೆ.

ಮೊನ್ನೆ ಚಳಿಗೆ ಹೊಲಿಗೆಯ ಜಾಗ ಹಿಡಿದುಕೊಂಡಿತು. ಹೋಗಿ ಬಾಗಿಲು ತಟ್ಟಿದೆ. ಟ್ರ್ಯಾಂಟರ್ ಕಿಂಡಿಯಷ್ಟು ತೆಗೆದಳು. "ಐದು ಗಂಟೆಗೆ ಬನ್ನಿ ಅಮ್ಮಾ. ಸಮುದ್ರದ ಗಾಳಿ ಸೇವಿಸಿ, ಅದಕ್ಕೇ ಅಲ್ವಾ ಬಂದಿರೋದು!" ಎಂದಳು.

ಮೇವಿಸ್, ಆ ಮಾತು ನನ್ನದು. ಇಪ್ಪತ್ತೆಂಟು ವರ್ಷದಿಂದ ಆಡಿದ್ದೇನೆ. ಬಾಗಿಲಿನ ಈ ಕಡೆ ನಿಂತು ಕೇಳಿದ್ದು ಅದೇ ಮೊದಲು. ಎಡ್ನಾ ಪಕ್ಕದಲ್ಲಿ ಕೆಮ್ಮಿದಳು. ಅವಳ ಕೆಮ್ಮಿಗೆ ಎಷ್ಟು ಅರ್ಥ ಇರುತ್ತದೆ ಎಂದು ನಿನಗೆ ಗೊತ್ತಿಲ್ಲ.

ತಂಗುದಾಣಕ್ಕೆ ವಾಪಸ್ ಬಂದು ಕೂತೆ. ಎದುರು ಮನೆಯ ಕಿಟಕಿಯನ್ನೇ ನೋಡುತ್ತಿದ್ದೆ. ಓಪನ್‌ಷಾ ಹೆಂಡತಿ ನಿನಗೆ ಕೈಬೀಸಿದಳು ಎಂದು ಬರೆದಿದ್ದೆಯಲ್ಲ, ನನ್ನ ಕೈಲಿ ಅಷ್ಟು ಆಗಲಿಲ್ಲ. ನಾನು ಟ್ರ್ಯಾಂಟರಳಿಗೆ ನಾಲಿಗೆ ಚಾಚಿದೆ.

ಈಗ ಕೇಳು. ಮನೆ ನಾನು ಬಿಟ್ಟ ಹಾಗಿಲ್ಲ. ಮಾತು ಮಾತೇ. ಆದರೆ ಮನೆ ಬಿಟ್ಟು ಹೋದಾಗ ಇದ್ದ ಹಾಗೆ ನಾನೂ ಇಲ್ಲವಾದ್ದರಿಂದ ಲೆಕ್ಕ ಸರಿಹೋಯಿತು. ಪ್ರ್ಯಾಟ್ಲಿ ಇನ್ನೊಮ್ಮೆ ಬಂದರೆ ಆ ಟೇಪಿನಲ್ಲಿ ಅವನ ಬಾಯಿ ಅಳೆದುಕೊಳ್ಳಲಿ. ಮಳೆ ಬಂದರೆ ಬಾಗಿಲು ತೆಗೆ. ಬಿಸ್ಕತ್ತು ತಲೆಗೆ ಒಂದು. ಕತ್ತೆಗೆ ಇಲ್ಲ. ಜಮಖಾನೆಗೆ ವಿನಿಗರ್.

ಕೀಲಿ ನಿನಗೆ. ಜಾಗಟೆ ಮಾತ್ರ ನನಗೆ.

ಮಂಗಳವಾರ ಬರುತ್ತೇನೆ. ಆ ಗೋಡೆ ಕಾಗದ ನಿಜವಾಗಿ ಹಸಿರೇನು? ನಾನೇ ಅಂಟಿಸಿದ್ದು, ಆದರೆ ಹಗಲು ಹೊತ್ತು ಆ ಕೋಣೆಯಲ್ಲಿ ಕೂತು ನೋಡಿದ ನೆನಪಿಲ್ಲ. ಕಿಟಕಿ ಪಕ್ಕದ ಕುರ್ಚಿ ನನಗೆ ಇಟ್ಟಿರು.

ನಿನ್ನ ಅತ್ತೆ,
ಬರ್ತಾ

ಸೀ ವ್ಯೂ, ಸ್ಕೆಲ್ಬಿ
೩೦ ಜೂನ್ ೧೯೫೬

ನನ್ನ ಮುದ್ದಿನ ಅತ್ತೆ!

ಅತ್ತೆ, ಅತ್ತೆ, ಅತ್ತೆ! ಪತ್ರ ಓದಿ ಲೆಸ್ಲಿಯನ್ನು ತಬ್ಬಿಕೊಳ್ಳಲು ಓಡಿದೆ. ಅವನು ಲಿಫ್ಟನ್ನು ಬಂಡೆಯ ಅರ್ಧದಲ್ಲೇ ನಿಲ್ಲಿಸಿಬಿಟ್ಟ. ಒಳಗಿದ್ದ ಪಾದ್ರಿಗಳು ಪೂರ್ತಿ ಹೊತ್ತು ಸಮುದ್ರವನ್ನೇ ನೋಡುತ್ತಿದ್ದರು, ಪಾಪ.

ವಿಳಾಸದ ಚೂರನ್ನು ಸುಟ್ಟಿದ್ದೇನೆ. ಪ್ರ್ಯಾಟ್ಲಿಗೆ ಹೇಳಬೇಕಾದ್ದನ್ನು ನಿಮ್ಮ ಮಾತಿನಲ್ಲೇ ಹೇಳಿದ್ದೇನೆ. ಗೋಡೆ ಕಾಗದ ಹಸಿರೇ, ಸಣ್ಣ ಬಿಳಿ ಹೂವೂ ಇದೆ.

ಆದರೆ ನೀವು ಬೇಗ ಬರಬೇಕು. ನಿನ್ನೆಯಿಂದ ಬಿಸಿಲು! ಆಕಾಶದಲ್ಲಿ ಒಂದು ತುಣುಕು ಮೋಡವಿಲ್ಲ. ಕತ್ತೆಗಳು ಕಾಯುತ್ತಿವೆ, ಬ್ಯಾಂಡಿನವರು ಖಾಲಿ ಕುರ್ಚಿಗಳಿಗೆ ನುಡಿಸುತ್ತಿದ್ದಾರೆ. ಇವರು ಒಬ್ಬರೂ ಏಳುತ್ತಿಲ್ಲ ಅತ್ತೆ! "ಸಮುದ್ರದ ಗಾಳಿ ಸೇವಿಸಿ" ಎಂದರೆ, "ಕಿಟಕಿ ತೆಗಿಯಮ್ಮಾ, ಇಲ್ಲೇ ಸೇವಿಸ್ತೀವಿ" ಎನ್ನುತ್ತಾರೆ. ಓಪನ್‌ಷಾ ಇನ್ನೂ ರೈಲು ಬಂದ ವರ್ಷದಲ್ಲೇ ಇದ್ದಾರೆ. ಮೀನು ಹಿಡಿಯುವವರ ಜಗಳ, ತುಂಡು ಸೇತುವೆ, ಎಲ್ಲ ಬಾಕಿ ಇದೆಯಂತೆ.

ನಿಮಗೆ ಕಿಟಕಿ ಪಕ್ಕದ ಕುರ್ಚಿಯನ್ನು ಇಡಲು ಆಗಲಿಲ್ಲ. ಅದರಲ್ಲಿ ಮಿಸೆಸ್ ಗ್ರಿಮ್‌ಶಾ ಕೂತಿದ್ದಾರೆ. ಗುರುವಾರ ನನ್ನನ್ನು ಬೈಯಲು ಬಂದವರು ಚಕ್ರದ ಗೂಡಿನ ಕಥೆಗೆ ನಿಂತರು, ಆಮೇಲೆ ಕೂತರು. ಈಗ ಬೆಳಿಗ್ಗೆ ತಮ್ಮ ಮನೆಗೆ ಚಿಲಕ ಹಾಕಿ, ಹೆಣಿಗೆ ಹಿಡಿದು, ಹತ್ತಕ್ಕೆ ಸರಿಯಾಗಿ ಇಲ್ಲಿಗೇ ಬರುತ್ತಾರೆ. ಕೇಳಿದರೆ, "ಬರ್ತಾ ಬಂದು ಎಬ್ಬಿಸ್ಲಿ, ಏಳ್ತೀನಿ" ಎನ್ನುತ್ತಾರೆ.

ಜಾಗಟೆಗೆ ಪಾಲಿಶ್ ಹಾಕಿದ್ದು ಒಳ್ಳೆಯದೇ ಆಯಿತು. ಮಂಗಳವಾರ ಬಂದವರೇ ಅದನ್ನು ಜೋರಾಗಿ ಬಾರಿಸಿ.

ನಿಮ್ಮ ಮಗಳು,
ಮೇವಿಸ್